ಏನಾಗಲ್ಲ ಬಿಡಿ ಸಾರ್..!

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೊತ್ತು, ಇಲ್ಲಿ ಮನೆಗಳಲ್ಲಿ ಎರಡೇ ಜಾತಿ. ಒಂದು ಆರ್‌ಸಿಸಿ ಮನೆ, ಇನ್ನೊಂದು ಶೀಟ್ ಮನೆ. ಬ್ರೋಕರ್ ಬಾಡಿಗೆ ಸ್ವಲ್ಪ ಕಡಿಮೆ ಹೇಳಿದನೋ, ನಮ್ಮ ಬಾಯಿಂದ ತಕ್ಷಣ ಬರುವ ಪ್ರಶ್ನೆ "ಶೀಟಾ?". ಹೌದು ಅಂದರೆ ಮುಖ ಸಿಂಡರಿಸುತ್ತೇವೆ. ಬೇಸಿಗೆಯಲ್ಲಿ ಒಳಗೆ ಕೂತರೆ ಬೇಯುತ್ತೇವೆ, ಜೋರು ಮಳೆ ಬಂದರೆ ಫೋನಿನಲ್ಲಿ ಮಾತಾಡೋಕೆ ಆಗಲ್ಲ, ರಾತ್ರಿ ಬೆಕ್ಕು ಓಡಾಡಿದರೂ ಕಳ್ಳ ಬಂದ ಹಾಗೆ ಶಬ್ದ. ಶೀಟಿನ ಬಗ್ಗೆ ನಮಗಿರುವ ತಕರಾರು ಇಷ್ಟೇ. ಆ ಶೀಟನ್ನು ಯಾವುದರಿಂದ ಮಾಡಿದ್ದಾರೆ ಅಂತ ನನ್ನ ಪರಿಚಯದವರು ಯಾರೂ ಬ್ರೋಕರನ್ನಾಗಲಿ ಓನರನ್ನಾಗಲಿ ಕೇಳಿದ್ದಿಲ್ಲ.

ಕಲ್ನಾರು. ಇಂಗ್ಲಿಷಿನ ಆಸ್ಬೆಸ್ಟಾಸ್. ಕನ್ನಡದ ಹೆಸರಿನಲ್ಲೇ ವಿವರಣೆಯೂ ಇದೆ ನೋಡಿ, ಕಲ್ಲಿನ ನಾರು. ಸೆಣಬಿನ ಹಾಗೆ ಎಳೆ ಎಳೆಯಾಗಿ ಬಿಡಿಸಬಹುದಾದ ಕಲ್ಲು. ಸುಡುವುದಿಲ್ಲ, ಕೊಳೆಯುವುದಿಲ್ಲ, ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ. ಹೈಸ್ಕೂಲಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಬರ್ನರ್ ಮೇಲೆ ಇಡುತ್ತಿದ್ದ ತಂತಿ ಜಾಲರಿ ನೆನಪಿದೆಯಾ? ನಡುವೆ ಒಂದು ಬಿಳೀ ಉರುಟು ಇರುತ್ತಿತ್ತಲ್ಲ, ಉಗುರಿನಲ್ಲಿ ಕೆರೆದು ಆಟ ಆಡುತ್ತಿದ್ದೆವಲ್ಲ, ಅದೇ ಇದು. ಆಸ್ಟ್ರಿಯಾದ ಲುಡ್ವಿಗ್ ಹಾಟ್ಶೆಕ್ ಅನ್ನುವವನು ಇದನ್ನು ಸಿಮೆಂಟಿನ ಜೊತೆ ಕಲಸಿ ಹಾಳೆ ಮಾಡುವ ವಿಧಾನಕ್ಕೆ 1901ರಲ್ಲಿ ಪೇಟೆಂಟ್ ಪಡೆದ. ಅದಕ್ಕೆ ಇಟ್ಟ ಹೆಸರು 'ಎಟರ್ನಿಟ್', ಅಂದರೆ ಶಾಶ್ವತವಾದದ್ದು ಅನ್ನುವ ಅರ್ಥ. ನಮ್ಮ ಮನೆಗಳ ಮೇಲಿರುವ ಅಲೆ ಅಲೆಯಾದ ಬೂದು ಸಿಮೆಂಟ್ ಶೀಟು ಅದರ ಮೊಮ್ಮಗ. ಸುಮಾರು ಹತ್ತರಲ್ಲಿ ಒಂದು ಪಾಲು ಬಿಳಿ ಕಲ್ನಾರು, ಉಳಿದದ್ದು ಸಿಮೆಂಟು, ಹಾರುಬೂದಿ ಇತ್ಯಾದಿ.

ಈ ಶೀಟಿನ ಬಗ್ಗೆ ನಮ್ಮಲ್ಲಿ ಎರಡು ಪಂಗಡ ಇದೆ. ಎರಡರ ಮೇಲೂ ನನಗೆ ಸಿಟ್ಟಿದೆ, ಅದಕ್ಕೇ ಈ ಬರಹ.

ಮೊದಲನೆಯದು "ಏನಾಗಲ್ಲ ಬಿಡಿ ಸಾರ್" ಪಂಗಡ. ಮೂವತ್ತು ವರ್ಷದಿಂದ ಇದರ ಕೆಳಗೇ ಮಲಗಿದ್ದೀವಿ, ಏನಾಯ್ತು? ಎರಡನೆಯದು ವಾಟ್ಸಾಪ್ ಪಂಗಡ. "ಎಚ್ಚರ!! ನಿಮ್ಮ ಮನೆಯ ಶೀಟು ಕ್ಯಾನ್ಸರ್ ತರುತ್ತದೆ, ಇವತ್ತೇ ಕಿತ್ತು ಬಿಸಾಕಿ, ಹತ್ತು ಜನಕ್ಕೆ ಕಳಿಸಿ" ಅನ್ನುವವರು. ಮೇಲ್ನೋಟಕ್ಕೆ ಇವರಿಬ್ಬರೂ ಬದ್ಧ ವೈರಿಗಳು. ಆದರೆ ಶೀಟನ್ನು ಸುತ್ತಿಗೆಯಲ್ಲಿ ಒಡೆಯುವ ದಿನ ಇಬ್ಬರೂ ಒಂದೇ ಕೆಲಸ ಮಾಡುತ್ತಾರೆ. ಒಬ್ಬ ಏನಾಗಲ್ಲ ಅಂತ ಒಡೆಸುತ್ತಾನೆ, ಇನ್ನೊಬ್ಬ ಹೆದರಿ ಒಡೆಸುತ್ತಾನೆ. ಒಡೆಯುವ ಕೂಲಿಯವನ ಮೂಗಿಗೆ ಹೋಗುವ ಧೂಳು ಮಾತ್ರ ಒಂದೇ.

ವಿಷಯ ಇಷ್ಟು. ಗಟ್ಟಿಯಾಗಿರುವ, ಬಿರುಕು ಬಿಡದ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಸಿಕ್ಕಿಕೊಂಡಿರುತ್ತದೆ. ಅದರ ಕೆಳಗೆ ಸುಮ್ಮನೆ ವಾಸ ಮಾಡುವವರಿಗೆ ಅಪಾಯ ಕಡಿಮೆ. ಇದನ್ನು ನಾನು ದಪ್ಪ ಅಕ್ಷರದಲ್ಲಿ ಬರೆಯಲೂ ತಯಾರು. ಆದರೆ ಅದೇ ಶೀಟಿಗೆ ಡ್ರಿಲ್ ಹಾಕಿದಾಗ, ಕಟಿಂಗ್ ಮಷೀನಿನಲ್ಲಿ ಕುಯ್ದಾಗ, ಮೇಲಿಂದ ಕೆಳಗೆ ಎಸೆದಾಗ, ಒಣಗಿದ ಪಾಚಿಯನ್ನು ಕಡ್ಡಿಪೊರಕೆಯಲ್ಲಿ ಪರಪರ ಕೆರೆದಾಗ ನಾರು ಹೊರಗೆ ಬರುತ್ತದೆ. ಮಳೆ ಬಿಸಿಲಿಗೆ ಮೂವತ್ತು ನಲವತ್ತು ವರ್ಷ ಮೈಯೊಡ್ಡಿದ ಶೀಟಿನಲ್ಲಿ ಮೇಲ್ಪದರದ ಸಿಮೆಂಟು ಸವೆದು ಹೋಗಿ ಎಳೆಗಳು ಮೊದಲೇ ಸಡಿಲವಾಗಿರುತ್ತವೆ. ಮನೆಗೆ ಬೆಂಕಿ ಬಿದ್ದರಂತೂ ಈ ಶೀಟು ಪಟಪಟ ಸಿಡಿದು ಚೂರಾಗುತ್ತದೆ.

ಹೊರಬಂದ ಎಳೆ ಕಣ್ಣಿಗೆ ಕಾಣುವುದಿಲ್ಲ. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂತಿಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕಕ್ಕೆ ತೆಗೆದುಕೊಳ್ಳುವ ನಾರು 3 ಮೈಕ್ರಾನ್‌ಗಿಂತ ಸಣ್ಣ, 5 ಮೈಕ್ರಾನ್‌ಗಿಂತ ಉದ್ದ. ಇಷ್ಟು ಸಣ್ಣದು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ, ಉಸಿರಿನ ಜೊತೆ ಶ್ವಾಸಕೋಶದ ತುದಿಯವರೆಗೆ ಹೋಗುತ್ತದೆ. ಅಲ್ಲಿ ಕಸ ನುಂಗಿ ಸಾಗಹಾಕಲು ನಮ್ಮ ರಕ್ತದ ಕಾವಲುಗಾರ ಕಣಗಳಿವೆ. ಅವಕ್ಕೆ ಈ ಉದ್ದನೆ ಕಡ್ಡಿಯನ್ನು ಪೂರ್ತಿ ನುಂಗಲು ಆಗುವುದಿಲ್ಲ. ನುಂಗಲು ಹೋಗಿ ತಾವೇ ಸಾಯುತ್ತವೆ. ಮತ್ತೆ ಹೊಸ ಕಣಗಳು ಬರುತ್ತವೆ, ಅವೂ ಸಾಯುತ್ತವೆ. ವರ್ಷಗಟ್ಟಲೆ ಉರಿಯೂತ, ಗಾಯ, ಕಲೆ. ಇದರಿಂದ ಬರುವುದು ಶ್ವಾಸಕೋಶ ಗಟ್ಟಿಯಾಗಿ ಉಸಿರೇ ಸಾಲದ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊರಪೊರೆಯ ಮೆಸೋಥೆಲಿಯೋಮ ಅನ್ನುವ ಕ್ಯಾನ್ಸರ್. ಬೀಡಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಎಷ್ಟೋ ಪಟ್ಟು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಕೆಲಸದ ಜಾಗದಲ್ಲಿ ಕಲ್ನಾರಿನ ಧೂಳು ಕುಡಿದು ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. "ನಮ್ಮ ದೇಶದಲ್ಲಿ ಹಾಗೆ ಸತ್ತವರು ಎಲ್ಲಿ, ತೋರಿಸಿ" ಅನ್ನುತ್ತಾರೆ ಏನಾಗಲ್ಲ ಪಂಗಡದವರು. ಒಳ್ಳೇ ಪ್ರಶ್ನೆ. ಮೆಸೋಥೆಲಿಯೋಮ ಕಾಣಿಸಿಕೊಳ್ಳುವುದಕ್ಕೆ 20ರಿಂದ 40 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. 1990ರಲ್ಲಿ ಶೀಟು ಒಡೆದವನಿಗೆ 2025ರಲ್ಲಿ ಉಬ್ಬಸ ಶುರುವಾದರೆ ಅವನು ಯಾವ ಡಾಕ್ಟರ ಮುಂದೆ ನಿಂತು ಏನು ಹೇಳಬೇಕು? ಅವನ ಹತ್ತಿರ ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲ, ಹಾಜರಿ ಪುಸ್ತಕ ಇಲ್ಲ, ಯಾವ ಮೇಸ್ತ್ರಿ ಕೈಕೆಳಗೆ ಎಷ್ಟು ಮನೆ ಒಡೆದ ಅಂತ ಅವನಿಗೇ ನೆನಪಿಲ್ಲ. ಎಕ್ಸ್‌ರೇಯಲ್ಲಿ ಏನೋ ಕಂಡರೆ ಮೊದಲು ಟಿಬಿ ಮಾತ್ರೆ. ನಮ್ಮ ಕೆಲಸದ ಭಾಷೆಯಲ್ಲಿ ಹೇಳಬೇಕೆಂದರೆ, ಸರ್ವರಿನಲ್ಲಿ ಲಾಗಿಂಗ್ ಆಫ್ ಮಾಡಿಟ್ಟು "ನೋಡಿ, ಒಂದೇ ಒಂದು ಎರರ್ ಇಲ್ಲ" ಅಂತ ಮ್ಯಾನೇಜರಿಗೆ ರಿಪೋರ್ಟ್ ಕಳಿಸಿದ ಹಾಗೆ.

ಇನ್ನೊಂದು ತಮಾಷೆ ಕೇಳಿ. 2011ರ ಜನಗಣತಿಯಲ್ಲಿ ಪ್ರತಿ ಮನೆಯ ಚಾವಣಿ ಯಾವುದರದ್ದು ಅಂತ ಬರೆದುಕೊಂಡರು. ಹುಲ್ಲು, ಹಂಚು, ಕಲ್ಲು, ಕಾಂಕ್ರೀಟು ಹೀಗೆ ಬೇರೆ ಬೇರೆ ಕಾಲಂ. ಶೀಟಿಗೂ ಒಂದು ಕಾಲಂ ಇತ್ತು. ಅದರ ಹೆಸರು 'ಜಿಐ, ಲೋಹ, ಆಸ್ಬೆಸ್ಟಾಸ್ ಶೀಟು'. ತಗಡೂ ಕಲ್ನಾರೂ ಒಂದೇ ಡಬ್ಬದಲ್ಲಿ! ದೇಶದ ನೂರು ಮನೆಗಳಲ್ಲಿ ಸುಮಾರು 16 ಮನೆ ಈ ಡಬ್ಬದಲ್ಲಿವೆ. ಅದರಲ್ಲಿ ತಗಡೆಷ್ಟು, ಕಲ್ನಾರೆಷ್ಟು ಅಂತ ಆ ಕಾಲಂ ನೋಡಿ ಯಾರೂ ಹೇಳಲಾರರು. ಮೊದಲ ಸೆಮಿಸ್ಟರಿನ ಹುಡುಗ ಹೀಗೆ ಟೇಬಲ್ ಡಿಸೈನ್ ಮಾಡಿದರೆ ಲ್ಯಾಬಿನಿಂದ ಆಚೆ ಕಳಿಸುತ್ತಾರೆ. ಕ್ಯಾನ್ಸರ್ ತರುವ ವಸ್ತುವನ್ನೂ ತರದ ವಸ್ತುವನ್ನೂ ಬೇರೆ ಮಾಡಿ ಎಣಿಸಬೇಕು ಅಂತ ಅಷ್ಟು ದೊಡ್ಡ ಗಣತಿಗೇ ಅನಿಸದೆ ಹೋಯಿತಲ್ಲ ಅನ್ನುವುದೇ ನನ್ನ ಸಂಕಟ.

ನಾನು ಮಲೆನಾಡಿನವನು. ನಮ್ಮ ಕಡೆ ಹಳೇ ಮನೆ ಅಂದರೆ ಮಂಗಳೂರು ಹಂಚಿನ ಮನೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದರಿಂದ ಬಂದ ಭಾಗ್ಯ ಅದು. ಆಮೇಲೆ ಕಾಡು ಕರಗಿ ಮಂಗಗಳು ಊರಿಗೆ ಬಂದವು. ವರ್ಷವೂ ಹಂಚು ಒಡೆಯುತ್ತಿದ್ದವು, ವರ್ಷವೂ ಕೈಯಾಡಿಸಬೇಕಿತ್ತು, ಕೈಯಾಡಿಸುವ ಜನ ಸಿಗುತ್ತಿರಲಿಲ್ಲ. ಹೀಗಾಗಿ ಕೊಟ್ಟಿಗೆಗೆ, ಬಚ್ಚಲುಮನೆಗೆ, ಕಟ್ಟಿಗೆ ಮನೆಗೆ, ಕೊನೆಗೆ ಎಷ್ಟೋ ಕಡೆ ಜಗಲಿಗೂ ಶೀಟು ಬಂತು. ಶೀಟು ಹಾಕಿಸಿದವರನ್ನು ನಾನು ಬೈಯುವುದಿಲ್ಲ. ಅವರಿಗೆ ಸೋರದ ಚಾವಣಿ ಬೇಕಿತ್ತು, ಅಂಗಡಿಯವನು ಕೊಟ್ಟ, ಇದು ಇಂಥದ್ದು ಅಂತ ಯಾರೂ ಹೇಳಲಿಲ್ಲ. ಒಡೆದ ಶೀಟಿನ ಚೂರು ಈಗಲೂ ಊರಿನಲ್ಲಿ ಎಲ್ಲೆಲ್ಲಿದೆ ಅಂದರೆ, ಕೋಳಿ ಗೂಡಿನ ಮೇಲೆ, ಸೌದೆ ರಾಶಿಯ ಮೇಲೆ, ತೋಟದ ದಾರಿಯ ಗುಂಡಿಯಲ್ಲಿ, ಟ್ರ್ಯಾಕ್ಟರ್ ಓಡಾಡಿ ಪುಡಿಯಾಗುವ ಹಾಗೆ!

ಬೆಂಗಳೂರಿನದ್ದು ಬೇರೆ ಕಥೆ. ಇಲ್ಲಿ ಶೀಟು ಒಡೆಯುವುದು ಮಂಗ ಅಲ್ಲ, ನಾವೇ. ಕಳೆದ ವರ್ಷ ನಮ್ಮ ಚಿಕ್ಕಪ್ಪ ತಮ್ಮ ಸೈಟಿನ ಹಿಂಭಾಗದಲ್ಲಿದ್ದ ಮೂರು ಶೀಟ್ ಮನೆ ಒಡೆಸಿ ಮೇಲೆ ಮೂರು ಮಹಡಿ ಎತ್ತಿಸಲು ಹೊರಟರು. 1980ರ ದಶಕದ ಮನೆಗಳು. ಒಂದು ಶನಿವಾರ ಊಟಕ್ಕೆ ಅಂತ ಹೋದವನಿಗೆ ಕಂಡಿದ್ದು ಇದು. ಮೇಲೆ ಇಬ್ಬರು ಹುಡುಗರು ಸುತ್ತಿಗೆಯಲ್ಲಿ ಶೀಟಿಗೆ ಹೊಡೆಯುತ್ತಿದ್ದಾರೆ, ಚೂರು ಕೆಳಗೆ ಬೀಳುತ್ತಿದೆ, ಯಾದಗಿರಿ ಕಡೆಯ ಹೆಂಗಸೊಬ್ಬಳು ಅದನ್ನು ಬಾಣಲೆಯಲ್ಲಿ ತುಂಬಿ ಹೊರುತ್ತಿದ್ದಾಳೆ, ಅಲ್ಲೇ ಮರಳಿನ ಗುಡ್ಡೆ ಮೇಲೆ ಅವಳ ಮಗು ಆಡುತ್ತಿದೆ. ಬಿಸಿಲಿನ ಕೋಲಿನಲ್ಲಿ ಧೂಳು ಮಿನುಗುತ್ತಿತ್ತು.

ಕೆಲಸ ನಿಲ್ಲಿಸಿ ಅಂದೆ. ಕಂಟ್ರಾಕ್ಟರು ನಕ್ಕ. "ಏನಾಗಲ್ಲ ಬಿಡಿ ಸಾರ್. ಇಪ್ಪತ್ತು ವರ್ಷದಿಂದ ಒಡೀತಿದೀನಿ, ನೋಡಿ ಹೆಂಗಿದೀನಿ." ಚಿಕ್ಕಪ್ಪ ಒಳಗಿಂದ ಬಂದು "ಇಂಟರ್ನೆಟ್ಟಲ್ಲಿ ಓದಿದ್ದೆಲ್ಲ ಇಲ್ಲಿ ತರಬೇಡ ಕಣೋ, ಇವತ್ತು ನಿಲ್ಸಿದ್ರೆ ಕೂಲಿ ಯಾರು ಕೊಡ್ತಾರೆ?" ಅಂದರು. ಆ ಹೆಂಗಸಿಗೆ ಮಗುವನ್ನು ಆಚೆ ಕರೆದುಕೊಂಡು ಹೋಗಮ್ಮ, ಈ ಧೂಳು ಒಳ್ಳೇದಲ್ಲ ಅಂದರೆ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದ್ದು: "ಧೂಳ ಕುಡಿಯಾದು ನಮಗ ರೂಢಿ ಆಗ್ಯಾದ್ರಿ ಅಣ್ಣಾ."

ಅವಳದ್ದು ಸಮಾಧಾನದ ಮಾತು. ನನಗೆ ಮಾತ್ರ ಕೇಳಿಸಿಕೊಳ್ಳಲು ಆಗಲಿಲ್ಲ. ಕಲ್ನಾರಿಗೆ ರೂಢಿ ಅನ್ನುವುದು ಇಲ್ಲ. ಕುಡಿದಷ್ಟೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಕಾರ್ಖಾನೆಗೆ ಕಾಲಿಡದೆ, ಮನೆಗೆ ಬಂದ ಗಂಡನ ಬಟ್ಟೆ ಒಗೆದಿದ್ದಕ್ಕೇ ಮೆಸೋಥೆಲಿಯೋಮ ಬಂದು ಸತ್ತ ಹೆಂಗಸರ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿ ಇವೆ. ಇವಳು ಬಟ್ಟೆ ಒಗೆಯುವುದಷ್ಟೇ ಅಲ್ಲ, ಅದೇ ಸೆರಗಿನಲ್ಲಿ ಮಗುವನ್ನು ಮಲಗಿಸುತ್ತಾಳೆ.

ಅರ್ಧ ಗಂಟೆ ಜಗಳವಾಡಿ ಹೋಸ್ ಪೈಪಿನಲ್ಲಿ ಶೀಟಿಗೆ ನೀರು ಹೊಡೆಸಿದೆ. ಉಳಿದ ಶೀಟುಗಳನ್ನು ಒಡೆಯದೆ ಬೋಲ್ಟ್ ಕತ್ತರಿಸಿ ಇಡಿಯಾಗಿ ಇಳಿಸಿದರು. ಮೆಡಿಕಲ್ ಸ್ಟೋರಿನಿಂದ ಎನ್-95 ಮಾಸ್ಕು ತಂದು ಕೊಟ್ಟೆ, ಊಟದ ಹೊತ್ತಿಗೆ ಎಲ್ಲರ ಮಾಸ್ಕೂ ಗಲ್ಲದ ಕೆಳಗಿತ್ತು. ಆಮೇಲಿನ ಪ್ರಶ್ನೆ, ಇಳಿಸಿದ್ದನ್ನು ಎಲ್ಲಿ ಹಾಕುವುದು? ಟ್ರ್ಯಾಕ್ಟರಿನವನು "ಕೆರೆ ಹತ್ರ ಒಂದು ಖಾಲಿ ಜಾಗ ಇದೆ ಸಾರ್, ಎಲ್ರೂ ಅಲ್ಲೇ ಹಾಕೋದು" ಅಂದ. ಸೋಮವಾರ ಒಂದು ಕಚೇರಿಗೆ ಫೋನು ಮಾಡಿದೆ. ಇದು ಕಟ್ಟಡದ ಕಸ, ಇನ್ನೊಂದು ಕಚೇರಿಗೆ ಕೇಳಿ ಅಂದರು. ಅಲ್ಲಿ ಇದು ಅಪಾಯಕಾರಿ ಕಸ, ಮತ್ತೊಂದು ಕಚೇರಿಗೆ ಕೇಳಿ ಅಂದರು. ಅಲ್ಲಿ ನಾವು ಫ್ಯಾಕ್ಟರಿ ಕಸ ಮಾತ್ರ ನೋಡೋದು, ಮನೆ ಕಸಕ್ಕೆ ಮೊದಲನೇ ಕಚೇರಿಗೇ ಹೋಗಿ ಅಂದರು. ಬಗ್ ಟಿಕೆಟ್ಟನ್ನು ಒಬ್ಬರಿಂದ ಒಬ್ಬರಿಗೆ ಅಸೈನ್ ಮಾಡಿ ಮಾಡಿ ಕೊನೆಗೆ ರಿಪೋರ್ಟ್ ಮಾಡಿದವನಿಗೇ ವಾಪಸ್ ಕಳಿಸುವುದನ್ನು ಆಫೀಸಿನಲ್ಲಿ ದಿನಾ ನೋಡುತ್ತೇನೆ. ಸರಕಾರದವರು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಆ ಶೀಟುಗಳು ಈಗಲೂ ಚಿಕ್ಕಪ್ಪನ ಸೈಟಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿವೆ. ನಾನು ಹೋದಾಗಲೆಲ್ಲ ಚಿಕ್ಕಮ್ಮ "ನಿನ್ನ ಆಸ್ತಿ ನೋಡ್ಕೊಂಡು ಹೋಗು" ಅಂತಾರೆ.

ನನ್ನ ಜೊತೆ ಇಂಜಿನಿಯರಿಂಗ್ ಓದಿದ ಗೆಳೆಯನೊಬ್ಬ ಸಿಡ್ನಿಯಲ್ಲಿದ್ದಾನೆ. ಅಲ್ಲಿ ಹಳೇ ಮನೆ ಕೊಂಡ. ಬಚ್ಚಲಿನ ಟೈಲ್ಸ್ ಬದಲಾಯಿಸೋಣ ಅಂತ ಹೊರಟರೆ ಹಿಂದಿನ ಗೋಡೆ 'ಫೈಬ್ರೋ', ಅಂದರೆ ಇದೇ ಕಲ್ನಾರು ಸಿಮೆಂಟು. ಅಲ್ಲಿ 10 ಚದರ ಮೀಟರ್‌ಗಿಂತ ಹೆಚ್ಚು ತೆಗೆಯಬೇಕಾದರೆ ಪರವಾನಗಿ ಇರುವವರೇ ಬರಬೇಕು. ಮೈ ತುಂಬ ಬಿಳೀ ಸೂಟು ಹಾಕಿಕೊಂಡವರು ಬಂದು, ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದಕ್ಕೆಂದೇ ಗೊತ್ತುಮಾಡಿದ ಜಾಗಕ್ಕೆ ಒಯ್ದರಂತೆ. ಖರ್ಚು ಕೇಳಿ ನನಗೆ ತಲೆ ತಿರುಗಿತು. ಆಸ್ಟ್ರೇಲಿಯಾ ಕಲ್ನಾರನ್ನು ಪೂರ್ತಿ ನಿಷೇಧಿಸಿದ್ದು 2003ರ ಕೊನೆಯಲ್ಲಿ. ಇಪ್ಪತ್ತು ವರ್ಷ ಕಳೆದರೂ ಅಲ್ಲಿ ಮೂರರಲ್ಲೊಂದು ಮನೆಯಲ್ಲಿ ಇನ್ನೂ ಇದೆ ಅಂತ ಅವರ ಸರಕಾರವೇ ಹೇಳುತ್ತದೆ. ಮೊದಲು ಸತ್ತವರು ಗಣಿಯವರು, ಆಮೇಲೆ ಕಾರ್ಖಾನೆ ಮತ್ತು ಕಟ್ಟಡ ಕೆಲಸದವರು, ಈಗ ಮೂರನೇ ಅಲೆಯಲ್ಲಿ ಹಳೇ ಮನೆ ರಿಪೇರಿ ಮಾಡಿಕೊಂಡವರು ಅನ್ನುತ್ತಾರೆ ಅವರು. ಕ್ಯಾನ್‌ಬೆರಾದಲ್ಲಿ ಅಟ್ಟದೊಳಗೆ ಬಿಡಿ ಕಲ್ನಾರು ತುಂಬಿಸಿಕೊಂಡಿದ್ದ ಸಾವಿರದಷ್ಟು ಮನೆಗಳನ್ನು ಸರಕಾರವೇ 2014ರಿಂದ ಕೊಂಡು ಕೆಡವಿತು. ಅದೇ ನಾರು, ಅದೇ ಶ್ವಾಸಕೋಶ. ಅಲ್ಲಿಯವನಿಗೆ ಬಿಳೀ ಸೂಟು, ಯಾದಗಿರಿಯವಳಿಗೆ ಸೆರಗು.

ನಮಗೆ ಈ ವಿಷಯ ಗೊತ್ತೇ ಇರಲಿಲ್ಲ ಅನ್ನುವ ಹಾಗೂ ಇಲ್ಲ. ಫ್ರಾನ್ಸಿನ ಕ್ಲೆಮೆನ್ಸೋ ಅನ್ನುವ ಹಳೇ ಯುದ್ಧನೌಕೆಯನ್ನು ಒಡೆಯಲು ಗುಜರಾತಿನ ಅಲಾಂಗಿಗೆ ಕಳಿಸಿದಾಗ ಎಂಥಾ ಗಲಾಟೆ! ಅದರೊಳಗೆ ಕಲ್ನಾರು ಇದೆ ಅಂತ ಕೋರ್ಟು, ಪತ್ರಿಕೆ, ಧರಣಿ ಎಲ್ಲಾ ಆಗಿ 2006ರ ಫೆಬ್ರವರಿಯಲ್ಲಿ ಫ್ರಾನ್ಸಿನ ಅಧ್ಯಕ್ಷ ಶಿರಾಕ್ ಅದನ್ನು ವಾಪಸ್ ಕರೆಸಿಕೊಂಡರು. ಒಳ್ಳೇದೇ ಆಯಿತು. ಆದರೆ ಅದೇ ವರ್ಷ ಹಡಗುಗಟ್ಟಲೆ ಹೊಸ ಕಲ್ನಾರನ್ನು ನಾವೇ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದ್ದೆವು, ಅದರ ಬಗ್ಗೆ ಗಲಾಟೆ ಇರಲಿಲ್ಲ.

ಈಗಲೂ ತರಿಸಿಕೊಳ್ಳುತ್ತಿದ್ದೇವೆ. ನಮ್ಮ ನೆಲದಲ್ಲಿ ಕಲ್ನಾರಿಲ್ಲ ಅಂತಲ್ಲ. ನಿಕ್ಷೇಪದ ಲೆಕ್ಕದಲ್ಲಿ ರಾಜಸ್ಥಾನದ ನಂತರ ಕರ್ನಾಟಕದ್ದೇ ಹೆಸರು, ನಮ್ಮ ಹೊಳೆನರಸೀಪುರದ ಕಡೆ ಇದೆ. ಗಣಿ ಕೆಲಸದವರ ಆರೋಗ್ಯ ಹಾಳಾಗುತ್ತದೆ ಅಂತ ಕೇಂದ್ರ ಸರಕಾರ 1986ರಲ್ಲಿ ಹೊಸ ಗಣಿ ಗುತ್ತಿಗೆ ನಿಲ್ಲಿಸಿತು, 1993ರಲ್ಲಿ ಹಳೆಯದರ ನವೀಕರಣವನ್ನೂ ನಿಲ್ಲಿಸಿತು. ಸಂತೋಷ. ಆದರೆ ರಷ್ಯಾ, ಕಜಕಸ್ತಾನ, ಬ್ರೆಜಿಲಿನಿಂದ ವರ್ಷಕ್ಕೆ ಮೂರು ಲಕ್ಷ ಟನ್ನಿಗೂ ಹೆಚ್ಚು ತರಿಸಿ ಶೀಟು ಮಾಡುವುದು ನಡೆದೇ ಇತ್ತು. ಅಗೆದರೆ ಅಪಾಯ, ಅರೆದರೆ ಅಭಿವೃದ್ಧಿ! ಕೆನಡಾ ಇನ್ನೂ ಜಾಣ. ತನ್ನ ಪಾರ್ಲಿಮೆಂಟ್ ಕಟ್ಟಡದಿಂದ ಕಲ್ನಾರು ತೆಗೆಸುತ್ತಲೇ 2011ರವರೆಗೂ ಗಣಿ ನಡೆಸಿ ನಮ್ಮಂಥವರಿಗೆ ಮಾರಿತು, 2018ರಲ್ಲಿ ನಿಷೇಧ ಹೇರಿತು. ಗಣಿಯಿಂದಲೇ 'ಆಸ್ಬೆಸ್ಟಾಸ್' ಅಂತ ಹೆಸರು ಪಡೆದಿದ್ದ ಅಲ್ಲಿನ ಊರು 2020ರಲ್ಲಿ ಹೆಸರನ್ನೇ ಬದಲಾಯಿಸಿಕೊಂಡಿತು.

ಜಗತ್ತಿನಲ್ಲಿ 60ಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ಪಕ್ಕದ ನೇಪಾಳ 2015ರಲ್ಲೇ ಮಾಡಿತು. ಶ್ರೀಲಂಕಾ ಹೊರಟಿತ್ತು. ಅಷ್ಟರಲ್ಲಿ 2017ರ ಡಿಸೆಂಬರಿನಲ್ಲಿ ರಷ್ಯಾ, ನಿಮ್ಮ ಟೀ ಪುಡಿಯ ಲೋಡಿನಲ್ಲಿ ಹುಳ ಸಿಕ್ಕಿದೆ ಅಂತ ಹೇಳಿ ಸಿಂಹಳದ ಟೀ ಆಮದನ್ನೇ ನಿಲ್ಲಿಸಿತು. ಶ್ರೀಲಂಕಾ ಕಲ್ನಾರು ನಿಷೇಧದಿಂದ ಹಿಂದೆ ಸರಿಯಿತು, ಟೀ ವ್ಯಾಪಾರ ಮತ್ತೆ ಶುರುವಾಯಿತು. ಹುಳ ಎಲ್ಲಿತ್ತು ಅಂತ ನೀವೇ ಊಹಿಸಿ. ರಾಟರ್‌ಡ್ಯಾಮ್ ಒಪ್ಪಂದದ ಪಟ್ಟಿಗೆ ಬಿಳಿ ಕಲ್ನಾರು ಸೇರಿದರೆ, ಮಾರುವ ದೇಶ ಕೊಳ್ಳುವ ದೇಶಕ್ಕೆ ಅಪಾಯ ತಿಳಿಸಿ ಒಪ್ಪಿಗೆ ಪಡೆಯಬೇಕಾಗುತ್ತದೆ, ಅಷ್ಟೇ. ನಿಷೇಧವೂ ಅಲ್ಲ. ಅದಕ್ಕೂ 2011ರಲ್ಲಿ ಒಪ್ಪಿದ ಭಾರತ 2013ರಲ್ಲಿ ಮಾತು ಬದಲಿಸಿತು.

ಶೀಟಿನ ಪರ ವಕೀಲರು ಹೇಳುವ ಮಾತು ಮೂರು. ಒಂದೊಂದಾಗಿ ನೋಡೋಣ.

ಒಂದು, "ನಾವು ಬಳಸುವುದು ಬಿಳಿ ಕಲ್ನಾರು, ನೀಲಿಯದ್ದು ಮಾತ್ರ ವಿಷ". ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬಿಳಿಯೂ ಸೇರಿ ಎಲ್ಲ ಬಗೆಯ ಕಲ್ನಾರನ್ನೂ ಮೊದಲನೇ ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅನ್ನುವುದು ಖಚಿತವಾದ ಗುಂಪಿನಲ್ಲಿ ಇಟ್ಟಿದೆ. ನೀಲಿ ಹೆಚ್ಚು ಕ್ರೂರಿ ಇರಬಹುದು. ನಾಗರಹಾವಿಗೆ ಹೋಲಿಸಿದರೆ ಕೊಳಕುಮಂಡಲ ಸಾಧು ಅಂತ ಯಾರಾದರೂ ಹಾಸಿಗೆಯಲ್ಲಿ ಬಿಟ್ಟುಕೊಳ್ಳುತ್ತಾರಾ?

ಎರಡು, "ಸಿಮೆಂಟಿನೊಳಗೆ ಭದ್ರವಾಗಿದೆ, ಜಾಗರೂಕತೆಯಿಂದ ಬಳಸಿದರೆ ಸಾಕು". ಕಾರ್ಖಾನೆಯ ಗೇಟಿನವರೆಗೆ ಈ ಮಾತು ಒಪ್ಪೋಣ. ಅಲ್ಲಿ ಕಾನೂನಿದೆ. 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕಾರ್ಮಿಕರ ಆರೋಗ್ಯವನ್ನು ಬದುಕುವ ಹಕ್ಕಿನ ಭಾಗ ಅಂತ ಹೇಳಿ, ಅವರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕು, ರೋಗ ಬಂದವರಿಗೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂದಿತು. ಶೀಟು ಗೇಟು ದಾಟಿ ಲಾರಿ ಹತ್ತಿದ ಮೇಲೆ? ಕೊರೆಯುವ ವೆಲ್ಡರು, ಪಾಚಿ ಕೆರೆಯುವ ಹುಡುಗ, ನಲವತ್ತು ವರ್ಷದ ನಂತರ ಒಡೆಯುವ ಕೂಲಿ, ಇವರ ದಾಖಲೆ ಯಾವ ಬೀರುವಿನಲ್ಲಿದೆ? ಇವರಿಗೆ ಜಾಗರೂಕತೆ ಕಲಿಸಿದವರು ಯಾರು?

ಮೂರು, "ಇದು ಬಡವರ ಚಾವಣಿ, ಬಡವರ ಹೊಟ್ಟೆ ಮೇಲೆ ಹೊಡೆಯಬೇಡಿ". ಇದು ನನಗೆ ಅತಿ ಹೆಚ್ಚು ಸಿಟ್ಟು ತರಿಸುವ ಮಾತು. ಶೀಟು ಅಗ್ಗ ಯಾಕೆ ಅಂದರೆ ತೆಗೆಯುವ ಖರ್ಚು ಬಿಲ್ಲಿನಲ್ಲಿಲ್ಲ. ಆತುರದಲ್ಲಿ ಬರೆದ ಕೋಡಿನ ಸಾಲ ಮುಂದೆ ಬರುವ ಹುಡುಗ ತೀರಿಸುವ ಹಾಗೆ, ಈ ಶೀಟಿನ ಸಾಲವನ್ನು ತೀರಿಸುವವನೂ ಬಡವನೇ, ತನ್ನ ಉಸಿರಿನಲ್ಲಿ. ಕಲ್ನಾರಿಲ್ಲದ ಫೈಬರ್ ಸಿಮೆಂಟ್ ಶೀಟು ಮಾರುಕಟ್ಟೆಯಲ್ಲಿದೆ, ಬಣ್ಣದ ತಗಡಿದೆ, ಹಂಚಿದೆ. ಬೆಲೆಯ ವ್ಯತ್ಯಾಸವನ್ನು ಸರಕಾರ ಸಬ್ಸಿಡಿಯಲ್ಲಿ ತುಂಬಲಿ. ಎಷ್ಟೆಷ್ಟಕ್ಕೋ ಕೊಡುತ್ತಾರಂತೆ, ಉಸಿರಿಗೂ ಸ್ವಲ್ಪ ಕೊಡಲಿ. ಕೇರಳದ ಮಾನವ ಹಕ್ಕು ಆಯೋಗ 2009ರಲ್ಲೇ ಶಾಲೆಗಳ ಕಲ್ನಾರು ಚಾವಣಿ ತೆಗೆಯಿರಿ ಅಂತ ಹೇಳಿತ್ತು. ನಮ್ಮ ಊರಿನ ಶಾಲೆ, ಅಂಗನವಾಡಿಗಳ ಚಾವಣಿ ಏನು ಅಂತ ನಾವು ತಲೆ ಎತ್ತಿ ನೋಡಿದ್ದೇವಾ?

ಬೈದಿದ್ದಾಯಿತು, ಈಗ ಕೆಲಸದ ಮಾತು. ಸರಕಾರ ಎಚ್ಚೆತ್ತುಕೊಳ್ಳುವವರೆಗೆ ನಮ್ಮ ಕೈಲಾಗುವುದು ಇಷ್ಟಿದೆ.

1. ಶೀಟು ಹಳೆಯದಾಗಿದ್ದರೆ ಕಲ್ನಾರು ಇದೆ ಅಂತಲೇ ತಿಳಿಯಿರಿ. ಕಣ್ಣಿನಲ್ಲಿ ನೋಡಿ ಇದೆ ಇಲ್ಲ ಹೇಳಲು ಆಗುವುದಿಲ್ಲ, ಲ್ಯಾಬಿನಲ್ಲಿ ಸೂಕ್ಷ್ಮದರ್ಶಕವೇ ಬೇಕು.

2. ಗಟ್ಟಿ ಇದ್ದರೆ ಮುಟ್ಟಬೇಡಿ. ಹೆದರಿ ಕಿತ್ತು ಹಾಕುವುದಕ್ಕಿಂತ ಸುಮ್ಮನೆ ಬಿಡುವುದು ಎಷ್ಟೋ ವಾಸಿ. ಡ್ರಿಲ್ ಬೇಡ, ಗರಗಸ ಬೇಡ, ಕಟಿಂಗ್ ಮಷೀನ್ ಬೇಡವೇ ಬೇಡ. ಡಿಶ್ ಆಂಟೆನಾ ಕೂರಿಸಲು ಬಂದವರಿಗೂ ಇದನ್ನೇ ಹೇಳಿ.

3. ಪಾಚಿಯನ್ನು ಒಣಗಿದ್ದಾಗ ಕೆರೆಯಬೇಡಿ, ಕಾರು ತೊಳೆಯುವ ಜೆಟ್ ಪೈಪಿನಲ್ಲೂ ಹೊಡೆಯಬೇಡಿ.

4. ತೆಗೆಯಲೇಬೇಕಾದರೆ ಮೊದಲು ಚೆನ್ನಾಗಿ ಒದ್ದೆ ಮಾಡಿಸಿ. ಬೋಲ್ಟ್ ಕತ್ತರಿಸಿ ಶೀಟನ್ನು ಇಡಿಯಾಗಿ ಇಳಿಸಲಿ, ಎಸೆಯದಿರಲಿ. ಹಳೇ ಶೀಟಿನ ಮೇಲೆ ಕಾಲಿಟ್ಟರೆ ಮುರಿದು ಬೀಳುತ್ತಾರೆ, ಒದ್ದೆಯಾದರೆ ಜಾರುತ್ತದೆ, ಹಲಗೆ ಹಾಕಿಸಿ. ಎನ್-95ಕ್ಕಿಂತ ಕಡಿಮೆ ಮಾಸ್ಕು ಪ್ರಯೋಜನವಿಲ್ಲ, ಕರ್ಚೀಫು ಲೆಕ್ಕಕ್ಕೇ ಇಲ್ಲ. ಮಕ್ಕಳು ಹತ್ತಿರ ಇರಬಾರದು. ಬಿದ್ದ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನೂ ಸೇರಿಸಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ.

5. ಇದಕ್ಕೆ ಒಂದು ದಿನ ಹೆಚ್ಚು ಹಿಡಿಯುತ್ತದೆ. ಆ ಒಂದು ದಿನದ ಕೂಲಿಯನ್ನು ಓನರಾದ ನೀವು ಕೊಡಿ. ಅರವತ್ತು ಲಕ್ಷದ ಮನೆ ಕಟ್ಟಿಸುವವರಿಗೆ ಅದು ಗೃಹಪ್ರವೇಶದ ಹೂವಿನ ಖರ್ಚು.

6. ಚೂರನ್ನು ಗುಂಡಿಗೆ, ಪಾಯಕ್ಕೆ, ಕೆರೆಗೆ ಹಾಕಬೇಡಿ. ಎಲ್ಲಿ ಹಾಕಬೇಕು ಅಂತ ನಿಮ್ಮ ಪಾಲಿಕೆಗೋ ಪಂಚಾಯಿತಿಗೋ ಬರವಣಿಗೆಯಲ್ಲಿ ಕೇಳಿ. ಫೋನಿನಲ್ಲಿ ಕೇಳಿದರೆ ನನಗಾದ ಗತಿಯೇ ಆಗುತ್ತದೆ. ಕಾಗದ ಕೊಟ್ಟರೆ ಕನಿಷ್ಠ ಒಂದು ನಂಬರು ಬೀಳುತ್ತದೆ, ಆಮೇಲೆ ಮಾಹಿತಿ ಹಕ್ಕಿನಲ್ಲಿ ಕೇಳಲು ಒಂದು ಹಿಡಿಕೆ ಸಿಗುತ್ತದೆ.

7. ಹೊಸದಾಗಿ ಶೀಟು ಕೊಳ್ಳುವುದಾದರೆ ಕಲ್ನಾರು ಇಲ್ಲ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಸರಕಾರದಿಂದ ನಾವು ಕೇಳಬೇಕಾದದ್ದೂ ದೊಡ್ಡದೇನಲ್ಲ. ಹೊಸ ಕಲ್ನಾರು ಶೀಟು ನಿಲ್ಲಲಿ. ತಗಡನ್ನೂ ಕಲ್ನಾರನ್ನೂ ಬೇರೆ ಬೇರೆ ಎಣಿಸಲಿ. ಜಿಲ್ಲೆಗೊಂದು ಕಡೆಯಾದರೂ ಹಳೇ ಶೀಟು ತಂದೊಪ್ಪಿಸಲು ಜಾಗ ಇರಲಿ. ಮನೆ ಒಡೆಯಲು ಅನುಮತಿ ಕೊಡುವಾಗ ಶೀಟಿದೆಯಾ ಅನ್ನುವ ಒಂದು ಸಾಲು ಫಾರಂನಲ್ಲಿ ಸೇರಲಿ. ಇದರಲ್ಲಿ ಯಾವುದಕ್ಕೂ ರಾಕೆಟ್ ವಿಜ್ಞಾನ ಬೇಕಿಲ್ಲ. ರಾಕೆಟ್ ಹಾರಿಸುವುದನ್ನೇ ಇದೇ ಬೆಂಗಳೂರಿನಲ್ಲಿ ಕೂತು ಮಾಡುತ್ತಿದ್ದೇವೆ.

ಇದನ್ನು ಓದುತ್ತಿರುವ ಬ್ಲಾಗಿಗ ಮಿತ್ರರಲ್ಲಿ ಅರ್ಧ ಜನರ ಊರಿನ ಮನೆಯಲ್ಲಿ ಎಲ್ಲೋ ಒಂದು ಕಡೆ ಈ ಶೀಟಿದೆ, ನನಗೆ ಗೊತ್ತು. ನಿಮ್ಮ ಊರಿನಲ್ಲಿ ಒಡೆದ ಶೀಟನ್ನು ಎಲ್ಲಿ ಹಾಕುತ್ತಾರೆ? ಯಾವುದಾದರೂ ಪಾಲಿಕೆ, ಪಂಚಾಯಿತಿ ಸರಿಯಾದ ಜಾಗ ತೋರಿಸಿದ ಉದಾಹರಣೆ ಇದೆಯಾ? ಇದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ಚಿಕ್ಕಪ್ಪನ ಸೈಟಿನಲ್ಲಿ ಇಪ್ಪತ್ತೆರಡು ಶೀಟು ಕಾಯುತ್ತಾ ಕೂತಿವೆ.